ವಾರಕ್ಕೊಂದು ಗೇಣು

ಶನಿವಾರ ಸಂಜೆ ಮೊದಲ ಕೆಲಸ ಉಪ್ಪು ಒರೆಸುವುದು.
ಏಳು ದಿನ ಕೋಡಿಬಾಗದ ಗಾಳಿ ಕಿಟಕಿ ದಾಟಿ ಬಂದು
ಹಳಿಯ ಮೇಲೆ ಕೂತು ಎದ್ದು ಹೋಗಿರುತ್ತದೆ.
ಶಾಲೆಯ ರಬ್ಬರು ಹಿಡಿದು ನಾಲ್ಕು ಮೂಲೆಯಿಂದ ತಿಕ್ಕುತ್ತೇವೆ,
ಲೆಕ್ಕ ತಪ್ಪು ಮಾಡಿದ ಮಕ್ಕಳ ಹಾಗೆ.

ಕೋಣೆ ತಾಂಡೇಲರದು. ಕೆಳಗೆ ಬಲೆ, ಹಗ್ಗ, ಡೀಸೆಲ್ ಕ್ಯಾನು;
ಏಣಿ ಹತ್ತಿದರೆ ಅಸ್ನೋಟಿಯಿಂದ ಹಾರವಾಡದವರೆಗೆ
ಎರಡು ಪ್ಲೈವುಡ್ ಹಲಗೆ,
ನಡುವೆ ಒಂದೂವರೆ ಡಬ್ಬಿ ವಾರ್ನಿಶಿನ ಕಾಳಿ ನದಿ.
ಎಂಬತ್ತೇಳರಲ್ಲಿ ಒಂದು ಪಾಲು ಇಲ್ಲಿ ಎಲ್ಲವೂ,
ಜಗಳವೊಂದು ಬಿಟ್ಟು.

ಗುಡ್ಡ ನನ್ನದು. ಹಗಲು ನಾನು ಹಲ್ಲಿನ ಸೆಟ್ಟು ಮಾಡುವವಳು;
ಬಟ್ಟಲಲ್ಲಿ ಉಳಿದ ಪ್ಲಾಸ್ಟರೆಲ್ಲ ಇಲ್ಲಿ ಘಟ್ಟ.
ಅವರ್ಸೆಯ ಮಾಸ್ತರರಿಗೆ ಗೊತ್ತಿಲ್ಲ,
ತಮ್ಮ ಕೆಳದವಡೆಯ ಮೇಲೆ ಗೂಡ್ಸು ಓಡುತ್ತಿದೆಯೆಂದು.
ರಾಯ್ಕರರು ಮಂಗಳಸೂತ್ರಕ್ಕೆ ಊದುವ ಊದುಗೊಳವೆಯಲ್ಲೇ
ಹಳಿಗೆ ಬೆಸುಗೆ ಹಾಕುತ್ತಾರೆ;
ಕೀಲು ಕಂಡರೆ ಅವರಿಗೆ ಆ ರಾತ್ರಿ ನಿದ್ದೆಯಿಲ್ಲ.
ತಾಂಡೇಲರ ಮಗಳು ತ್ರಿವೇಣಿ, ಹತ್ತನೇ ಇಯತ್ತೆ,
ಬಿಸ್ಕಿಟ್ ರಟ್ಟಿನ ಲಾರಿ ಮಾಡಿ ರೋರೋ ಗಾಡಿಗೆ ಹತ್ತಿಸಿ
ಒಂದೊಂದರ ಬೆನ್ನಿಗೂ ಸೂಜಿಯಲ್ಲಿ ಬರೆಯುತ್ತಾಳೆ,
ಮತ್ತೆ ಸಿಗೋಣ.
ತೆಂಗಿಗೆ ಹಿಡಿಕಡ್ಡಿ, ಪೊದೆಗೆ ಹೀರೆನಾರು,
ಜಲ್ಲಿಗೆ ಕುಟ್ಟಿ ಜರಡಿ ಹಿಡಿದ ಬೆಳಚಿನ ಚಿಪ್ಪು.
ಆ ಜಲ್ಲಿಯ ಬಣ್ಣಕ್ಕೆ ಮೂರು ಶನಿವಾರ ಮಾತು ಬಿಟ್ಟಿದ್ದೆವು.

ಸಾಂತಾನ್ ಏನೂ ಮಾಡುವುದಿಲ್ಲ.
ಇಪ್ಪತ್ಮೂರು ಮಳೆಗಾಲ ರಾತ್ರಿ ಹಳಿ ಗಸ್ತು ತಿರುಗಿದವರು,
ಕುರ್ಚಿ ಎಳೆದು ಕೂತು ಚಹಾ ಕುಡಿಯುತ್ತಾರೆ.
ಹೊರಡುವ ಮುಂಚೆ ಒಂದೇ ಕೆಲಸ:
ಗುಡ್ಡ ಕಡಿದ ದಾರಿಯಲ್ಲಿ ನಿಂತ ಹೆಬ್ಬೆರಳುಗುರಿನಷ್ಟು ಮನುಷ್ಯನನ್ನು,
ಹಳದಿ ರೇನ್‌ಕೋಟು, ಅಕ್ಕಿಕಾಳಿನ ಲಾಟೀನು,
ಎರಡು ಬೆರಳಲ್ಲಿ ಎತ್ತಿ
ಒಂದು ಗೇಣು ಮುಂದೆ ಇಡುವುದು.
ಯಾಕೆಂದು ಕೇಳಿದ್ದಕ್ಕೆ ಹೇಳಿದ್ದು ಇಷ್ಟೇ:
"ಅವನು ನಡೀಬೇಕಲ್ಲ."

ಜೂನಿನಲ್ಲಿ ದೊಡ್ಡ ರೈಲಿಗೆ ಮಳೆಗಾಲದ ವೇಳಾಪಟ್ಟಿ.
ನಮ್ಮದಕ್ಕೂ. ತ್ರಿವೇಣಿ ಗುಂಡಿ ತಿರುಗಿಸಿ ವೇಗ ಇಳಿಸಿದಳು.
ದೋಣಿ ದಡಕ್ಕೆ ಬಂದು ಕೆಳಗೆ ಬಲೆ ಬೆಳೆದು
ಏಣಿಯ ಮೂರು ಮೆಟ್ಟಿಲು ನುಂಗಿತು.

ಆಷಾಢದ ಒಂದು ಶನಿವಾರ ಸಾಂತಾನ್ ಬರಲಿಲ್ಲ.
ಕಣ್ಣಿಗೆ ಪೊರೆ, ಹುಬ್ಬಳ್ಳಿ, ನಾಳೆ ಆಪರೇಶನ್,
ಫೋನಿನಲ್ಲಿ ಹೆಂಡತಿ.
ದೀಪ ಆರಿಸುವ ಹೊತ್ತಿಗೆ ಎಲ್ಲರ ಕಣ್ಣೂ ಆ ಹಳದಿ ಚುಕ್ಕೆಗೆ.
ರಾಯ್ಕರರು ಕೈ ಚಾಚಿ ಹಿಂದೆಳೆದುಕೊಂಡರು,
ಗುಂಜಿ ತೂಗುವ ಕೈ.
"ಇರಲಿ ಬಿಡಿ," ತಾಂಡೇಲರೆಂದರು, "ಅವನಿಗೂ ಒಂದು ವಾರ ರಜೆ."
ಇಳಿದೆವು. ಕೊಡೆ ಬಿಚ್ಚಿದವಳು
ಏನೋ ಮರೆತೆನೆಂದು ಮತ್ತೆ ಹತ್ತಿದೆ.
ಕತ್ತಲಲ್ಲಿ ತಡವಿ, ಎತ್ತಿ, ಅಳೆದು ಇಟ್ಟೆ.
ಗೇಣು ನನ್ನದು. ಅವರದಕ್ಕಿಂತ ಗಿಡ್ಡ.

ಮೂರನೇ ವಾರ ಕಪ್ಪು ಕನ್ನಡಕದಲ್ಲಿ ಬಂದರು ಸಾಂತಾನ್.
ಚಹಾ ಮುಟ್ಟಲಿಲ್ಲ. ಕನ್ನಡಕ ತೆಗೆದು ಬಗ್ಗಿ
ಹೊಸ ಕಣ್ಣಲ್ಲಿ ನೋಡಿದರು, ಬಹಳ ಹೊತ್ತು.
"ಬರೋ ಗಾಡಿಗೆ ಬೆನ್ನು ಕೊಟ್ಟು ನಿಂತಿದ್ದಾನೆ.
ಮುಖ ಕೊಟ್ಟು ನಡೀಬೇಕು, ಮಾರಾಯ್ತಿ.
ಮತ್ತೆ ಈ ಮೋರಿ. ನಿಂತು ನೀರಿನ ಸದ್ದು ಕೇಳದೆ
ದಾಟಿಬಿಟ್ಟಿದ್ದಾನೆ."
ಮಾರಾಯ್ತಿ ಅನ್ನಿಸಿಕೊಳ್ಳಬಹುದಾದವರು ಕೋಣೆಯಲ್ಲಿ ಇಬ್ಬರೇ,
ಒಬ್ಬಳಿಗೆ ಹದಿನೈದು ವರ್ಷ.

ನಾಲ್ಕು ಬೆರಳು ಹಿಂದೆ ತಂದು
ಮೋರಿಯ ಪಕ್ಕ ಅವನನ್ನು ತಿರುಗಿಸಿ ನಿಲ್ಲಿಸಿದರು.
ಆ ವಾರ ಅಷ್ಟೇ ನಡಿಗೆ.
ತ್ರಿವೇಣಿ ಗುಂಡಿ ತಿರುಗಿಸಿದಳು.
ಇಪ್ಪತ್ತು ಲಾರಿ ಹೊತ್ತ ಗಾಡಿ ನನ್ನ ಗುಡ್ಡ ಬಳಸಿ ಬಂದು
ಅವನ ಎದುರಿಗೆ ತಡೆದು, ತಡೆದು, ಮುಂದೆ ಹೋಯಿತು.
ಅವಳು ನಿಧಾನಿಸಿದ್ದೋ,
ಅಲ್ಲಿ ಹಳಿಯ ಮೇಲೆ ಉಪ್ಪು ಉಳಿದಿತ್ತೋ,
ಯಾರೂ ರಬ್ಬರು ಹುಡುಕಲಿಲ್ಲ.