ಒಂಬತ್ತನೇ ವಿಷಯ

ಕಲ್ಲರಿನ್ ಶೈರ್ ಕೌನ್ಸಿಲ್ಲಿನ ಮಾಮೂಲು ಸಭೆ,
ತಿಂಗಳ ಮೂರನೇ ಮಂಗಳವಾರ, ಸಂಜೆ ಐದೂವರೆ.
ಗೋಧಿ ಕೊಯ್ಲು ಮುಗಿದಿಲ್ಲ,
ಸದಸ್ಯರ ಕಾಲರಿನಲ್ಲಿ ಇನ್ನೂ ಹೊಟ್ಟು.
ನಾನು ನಡಾವಳಿ ಬರೆಯುವವಳು.
ಯಾರು ಏನೆಂದರು ಅಂತಲ್ಲ,
ಏನು ಠರಾವಾಯಿತು ಅಂತಷ್ಟೇ ಬರೆಯಬೇಕು.
ಸೇರಿದ ದಿನವೇ ಹೇಳಿಕೊಟ್ಟಿದ್ದರು.

ಎಂಟು: ಗ್ರೇಡರಿನ ಬ್ಲೇಡು ಸವೆದಿದೆ, ಹೊಸದು ತರುವುದು. ಒಪ್ಪಿಗೆ.
ಒಂಬತ್ತು: ರೈಲು ಹಳಿಯಾಚೆಯ ದೊಡ್ಡ ಕೊಳಾಯಿಗೆ
ಇನ್ನು ಮುಂದೆ ಕಾರ್ಡು.
ಉಜ್ಜಿದರೆ ನೀರು, ಲೀಟರಿಗೆ ಇಷ್ಟೆಂದು ಲೆಕ್ಕ.

ನೋಲಾ ಪೆಟ್‌ಫೀಲ್ಡ್ ಎದ್ದಳು:
"ಅದರ ಪಕ್ಕದ ಹೊಲ ನನ್ನದು, ನಾನಿರಬಾರದು."
ಐದು ಐವತ್ತೆರಡಕ್ಕೆ ಹೊರನಡೆದಳು, ಬರೆದೆ.
ಬಿಸ್ಕತ್ತಿನ ತಟ್ಟೆಯನ್ನೂ ಒಯ್ದಳು, ಬರೆಯಲಿಲ್ಲ.

ಗಾರ್ಥ್ ವಿಟ್‌ಲಾಕ್ ಮೇಜು ಕುಟ್ಟಿದ:
"ಎಲ್ಲಿಯದೋ ರಸ್ತೆ ಕಂಟ್ರಾಕ್ಟರು ರಾತ್ರೋರಾತ್ರಿ ತುಂಬಿಕೊಂಡು ಹೋಗ್ತಾನೆ,
ಬಿಲ್ಲು ಮಾತ್ರ ನಮಗೆ."
ನಿಜ.
ಸಾರ್ವಜನಿಕರಿಗೆಂದು ಹಾಕಿದ ಹನ್ನೆರಡು ಕುರ್ಚಿಗಳಲ್ಲಿ
ಕೂತವಳು ಒಬ್ಬಳೇ, ಬೆಂಕಿ ದಳದ ಐಲ್ಸಾ ಕ್ರಾಡಕ್:
"ಕೂಳೆ ಹೊತ್ತಿಕೊಂಡಾಗ
ಯಾವ ಅಂಗಿಯ ಜೇಬಲ್ಲಿ ಕಾರ್ಡು ಅಂತ ತಡಕಾಡಲಾ?
ಹೋದ ಸಲ ಟ್ಯಾಂಕರ್ ತುಂಬಲು ಒಂಬತ್ತು ನಿಮಿಷ.
ಬೆಂಕಿ ಅಷ್ಟರಲ್ಲಿ ಎರಡು ಬೇಲಿ ದಾಟಿತ್ತು."
ಅದೂ ನಿಜ.

ಅಪ್ಪ ನಮ್ಮೂರ ಕೆರೆಯ ನೀರುಗಂಟಿ.
ತೂಬು ಎಷ್ಟು ಗೇಣು ಎತ್ತಬೇಕು,
ಯಾರ ಗದ್ದೆಗೆ ಯಾವ ಜಾವ,
ಎಲ್ಲ ಅವನ ತಲೆಯಲ್ಲಿ.
ನಂಬದವರು ಬದುವಿನ ಮೇಲೆ ಕೂತು
ತೂತಿನ ತಾಮ್ರದ ಬಟ್ಟಲು ಮುಳುಗುವುದನ್ನು
ಬೆಳಗಿನವರೆಗೂ ಎಣಿಸುತ್ತಿದ್ದರು.
ಸುಗ್ಗಿಯಲ್ಲಿ ಅವನಿಗೆ ಒಂದು ಮೊರ ಭತ್ತ,
ಮಿಕ್ಕ ಕಾಲವೆಲ್ಲ ಬೈಗುಳ.

ಮೂರು ಕೈ ಮೇಲೆದ್ದವು, ಮೂರು ಮೇಜಿನ ಮೇಲೇ ಉಳಿದವು.
ಅಧ್ಯಕ್ಷ ಲಯನೆಲ್ ಸ್ಟಾಗ್ ಕನ್ನಡಕ ಒರೆಸಿದ,
ಒರೆಸಿದ್ದನ್ನೇ ಮತ್ತೆ ಒರೆಸಿದ,
ಆಮೇಲೆ ತನ್ನ ಎರಡನೇ ಓಟು ಹಾಕಿದ:
ಕಾರ್ಡು ಇರಲಿ. ತುರ್ತಿಗೊಂದು ಕೀಲಿಯೂ ಇರಲಿ.
ಕೀಲಿ ಯಾರ ಕೈಲಿ?
ಆರು ಜನ ಆರು ಜನರನ್ನು ನೋಡಿದರು.
ಅವನ ಕೈಲಿದ್ದರೆ ಇವನಿಗೆ ಆಗದು,
ಇವನ ಕೈಲಿದ್ದರೆ ಅವನ ಭಾವಮೈದನಿಗೆ ಆಗದು.
ಕಡೆಗೆ ಎಲ್ಲರ ಕಣ್ಣೂ ಮೂಲೆಗೆ ಬಂತು:
ಹೊಲವಿಲ್ಲದವಳು, ಕುರಿಯಿಲ್ಲದವಳು,
ಈ ಊರಲ್ಲಿ ಯಾರಿಗೂ ನೆಂಟಳಲ್ಲದವಳು.
ಅವರ ಬಾಯಲ್ಲಿ ನಾನು ಚಿಕ್.
ನಡಾವಳಿಯಲ್ಲಿ ಪೂರ್ತಿ ಬರೆದುಕೊಂಡೆ,
ಚಿಕ್ಕತಾಯಮ್ಮ.
ಆರು ಇಪ್ಪತ್ತಕ್ಕೆ ನೋಲಾ ಒಳಬಂದಳು. ತಟ್ಟೆ ಖಾಲಿ.

ಜನವರಿಯ ಒಂದು ರಾತ್ರಿ, ಎರಡು ಗಂಟೆ. ಫೋನು.
ಬೆಂಕಿಯಲ್ಲ.
ಯಾರೋ ದಾರಿಹೋಕ, ಟ್ರೇಲರಿನಲ್ಲಿ ಎರಡು ಕುದುರೆ,
ಕೊಳಾಯಿಯ ಬೋರ್ಡಿನಲ್ಲಿ ನನ್ನ ನಂಬರು ನೋಡಿದನಂತೆ.
ನೈಟಿಯ ಮೇಲೊಂದು ಕೋಟು ಹಾಕಿಕೊಂಡು ಹೋದೆ.
ಕೀಲಿ ತಿರುವಿದೆ. ಪೈಪು ಕೆಮ್ಮಿ, ಗಾಳಿ ಉಗಿದು,
ಬಕೆಟ್ಟಿಗೆ ಬಿತ್ತು ನೀರು.
ಕುದುರೆಗಳು ಕುಡಿಯುವ ಸದ್ದು ಕೇಳುತ್ತ ನಿಂತೆ.
ತುರ್ತು ಅಂದರೆ ಏನು
ಎಂದು ಒಂಬತ್ತನೇ ವಿಷಯದಲ್ಲಿ ಎಲ್ಲೂ ಇಲ್ಲ.
ನನಗೆ ಗೊತ್ತು, ಬರೆದವಳು ನಾನೇ.

ಬೆಳಗ್ಗೆ ಕಚೇರಿ ಬಾಗಿಲು ತೆಗೆಯುವ ಮುಂಚೆ
ನೋಲಾ ಹಾಜರು: ರಾತ್ರಿಯೆಲ್ಲ ಎಂಥ ಗಲಾಟೆ,
ನಾಯಿ ಬೊಗಳಿ ಬೊಗಳಿ, ನಿದ್ದೆಯಿಲ್ಲ,
ಬೇಲಿಯಂಚು ಕೆಸರು, ಯಾರ ಅಪ್ಪಣೆ...
ಬೈಗುಳ ಪೂರ್ತಿ ಬಂತು.
ಮೊರ ಮಾತ್ರ ತಂದಿರಲಿಲ್ಲ.