ಮುಳ್ಳಿಗೊಂದು ದೀಪ

ಮೈಸೂರಿನ ಅಚ್ಚುಮನೆಯ ಹಿಂಬಾಗಿಲಲ್ಲಿ
ರಾತ್ರಿ ಎರಡೂವರೆಗೆ ಕಟ್ಟು ಎಣಿಸಿ
ಸೀಟು ಕಿತ್ತ ಓಮ್ನಿಗೆ ತುಂಬುತ್ತೇವೆ, ನಾನು, ಮಂಟೇಶ.
ನಾಳೆಯ ಸುದ್ದಿ ಇನ್ನೂ ಬೆಚ್ಚಗೆ,
ಅಂಗೈಗೆಲ್ಲ ಮಸಿ.

ನಾನು ಹಿಡಿದಂದಿನಿಂದ ಈ ಗಾಡಿಯ
ಡ್ಯಾಶ್‌ಬೋರ್ಡಿಗೆ ಬೆಳಕಿಲ್ಲ.
ಬೆಳಗಾಗುವ ಮುಂಚೆ ಕೀಲಿ ಕೈ ಬದಲಾಗುತ್ತದೆ,
ಹಗಲೆಲ್ಲ ಇದು ಮೊಟ್ಟೆ ಸಾಗಿಸುವ ನಿಂಗಯ್ಯನದು,
ಕತ್ತಲು ಮಾತ್ರ ನನ್ನ ಪಾಲು.
ವೇಗವೆಂದರೆ ನನಗೆ ಕಿವಿಯ ಲೆಕ್ಕ:
ಮೂರನೇ ಗೇರಿಗೆ ದುಂಬಿ,
ನಾಲ್ಕಕ್ಕೆ ರಾಗಿ ಬೀಸುವ ಕಲ್ಲು.
ಕಲ್ಲು ಒಂದೇ ಸಮ ಸುತ್ತಿದರೆ ಅರವತ್ತು
ಎಂದು ನಾನೇ ನಾಮಕರಣ ಮಾಡಿದ್ದೆ.

ಪೆಟ್ರೋಲು ನೋಡಬೇಕೆಂದರೆ
ಮಂಟೇಶ ಬೆಂಕಿಪೊಟ್ಟಣ ಗೀರುತ್ತಿದ್ದ,
ಸುತ್ತ ಅಷ್ಟು ಕಾಗದ ಇಟ್ಟುಕೊಂಡು!

ಮಂಡ್ಯದ ಬಸ್‌ಸ್ಟ್ಯಾಂಡಿನ ಹಿಂದೆ
ಬ್ಯಾಟರಿ ಆಸಿಡ್ಡಿಗೆ ಅಂಗಿಯೆಲ್ಲ ತೂತಾದ ಇನಾಯತ್
ಒಂದು ಸಂಜೆ ಕೇಳಿದ:
‘ಯಾವ್ ಬಣ್ಣ ಹಾಕ್ಲಣ್ಣ? ಕೆಂಪೈತೆ, ಹಸ್ರೈತೆ,
ನೀಲಿ ಹಾಕುದ್ರೆ ಇಮಾನ ಇಮಾನ.’
ನೂರಾ ಎಂಬತ್ತು ರೂಪಾಯಿಗೆ ವಿಮಾನವಾಗಲಿ ಎಂದೆ.
ಅವನು ತಲೆಯನ್ನು ಸ್ಟೇರಿಂಗಿನಡಿ ತೂರಿಸಿ
ಹಲ್ಲಲ್ಲಿ ವಯರು ಸುಲಿದು
ಜೇನುಮೇಣದಂಥ ಅಂಟುಪಟ್ಟಿ ಒತ್ತಿದ.
ನಿಂತ ಗಾಡಿಯ ಮುಳ್ಳು ಸೊನ್ನೆಯಲ್ಲಿತ್ತು.
ಇನ್ನೆಲ್ಲಿರಬೇಕು?

ಆ ರಾತ್ರಿ ಓಮ್ನಿಯೊಳಗೆ ಮದುವೆಮನೆ.
ಮಂಟೇಶನ ಮೂಗು ನೀಲಿ, ಗೇರಿನ ಗುಂಡು ನೀಲಿ,
ಶ್ರೀರಂಗಪಟ್ಟಣದ ಸೇತುವೆಯ ಕೆಳಗೆ
ಕಾವೇರಿ ಹರಿದಳೋ ಇಲ್ಲವೋ, ಕಾಣಲಿಲ್ಲ.
ಮುಳ್ಳು ಮಾತ್ರ ಕಂಡಿತು,
ಬೀಸುಕಲ್ಲು ಭರ್ತಿ ಸುತ್ತುತ್ತಿರುವಾಗಲೂ
ಸೊನ್ನೆಯ ಮೇಲೆ ಒರಗಿ ಮಲಗಿತ್ತು.
ಗಾಜು ತಟ್ಟಿದೆ. ಏಳಲಿಲ್ಲ.

ಮಂಡ್ಯದಲ್ಲಿ ಆರು ಕಟ್ಟು ಇಳಿಸಿ
ನಾಗಮಂಗಲದ ದಾರಿ ಹಿಡಿದು ಬಸರಾಳು ದಾಟಿದರೆ
ಮುಂದಿನ ಗಾಜಿನ ತುಂಬ ನಾನೇ,
ನೀಲಿ ಗಲ್ಲ, ನೀಲಿ ಮಫ್ಲರು.
ರಸ್ತೆಯಿರಬೇಕಾದ ಕಡೆ
ನನ್ನ ಮುಖ ನನ್ನನ್ನೇ ನೋಡುತ್ತಿತ್ತು.
ಮಂಟೇಶ ‘ಅಣಾ!’ ಎಂದ.
ಕೆರೆ ಏರಿಯ ಮೇಲೆ, ಹಣೆಯ ನಡುವಿನಿಂದಲೇ ಬಂದಂತೆ
ಕಬ್ಬಿನ ಗಾಡಿಯ ಬೆನ್ನು.
ಲಾಟೀನಿಲ್ಲ, ಮಿಂಚುವ ಪಟ್ಟಿಯಿಲ್ಲ,
ಮೇಲೆ ಕಂಬಳಿ ಹೊದ್ದು ನಿದ್ದೆಹೋದ ಮನುಷ್ಯ.
ಬ್ರೇಕಿಗೆ ಕಟ್ಟುಗಳೆಲ್ಲ ನನ್ನ ಬೆನ್ನಿಗೆ ಬಿದ್ದವು.
ಒಂದು ಕಬ್ಬಿನ ಸೋಗೆ
ಗಾಜನ್ನು ಸವರಿ ಹೋಯಿತು.
ಎತ್ತುಗಳು ತಿರುಗಿಯೂ ನೋಡಲಿಲ್ಲ.

ನಾನು ನೀಲಿಯ ಮೇಲೆ ಮಫ್ಲರು ಹೊದಿಸಿದೆ.
ಆಗ ನಿಧಾನಕ್ಕೆ ಒಂದೊಂದೇ ಮರಳಿದವು:
ಹುಣಸೆಮರ, ಮೈಲಿಗಲ್ಲು,
ಆಲೆಮನೆಯ ಒಲೆಯ ಕೆಂಪು ಬಾಯಿ.

ಮರುಸಂಜೆ ಇನಾಯತ್ ನಕ್ಕ.
‘ಬೆಳಕು ಹಾಕು ಅಂದೆ, ಹಾಕ್ದೆ.
ಮುಳ್ಗೆ ಜೀವ ಹಾಕು ಅಂದ್ಯಾ?
ಹಿಂದ್ಗಡೆ ಕೇಬಲ್ಲೇ ಇಲ್ಲ ಕಣಣ್ಣ,
ಮಾರ್ದೋನು ಕಿತ್ತವ್ನೆ, ಕಿಲೋಮೀಟರ್ ಮುಚ್ಚಕ್ಕೆ.’
ನಿಂಗಯ್ಯನಿಗೆ ಗೊತ್ತಿತ್ತಂತೆ, ಮೂರು ವರ್ಷದಿಂದ.
‘ನೀ ಕೇಳ್ಲಿಲ್ವಲ್ಲ’ ಎಂದ ಫೋನಿನಲ್ಲಿ.

ನೀಲಿ ಕಿತ್ತು ಒಂದೇ ಒಂದು ಬಲ್ಬು,
ಬೆಲ್ಲದ ಬಣ್ಣದ್ದು, ಮೀಟರಿನ ಹಿಂದೆ.
ತಿರುಗಿಸಿದರೆ ಮಂಕಾಗುವ ಒಂದು ಗುಬುಟು.
ಕೇಬಲ್ಲಿಗೆ ಮುನ್ನೂರೈವತ್ತು, ಅದು ಮುಂದಿನ ತಿಂಗಳಿಗೆ.
ಅಲ್ಲಿಯತನಕ ಬೆಳಗಿದ ಸೊನ್ನೆಯನ್ನೇ
ನೋಡುತ್ತ ಓಡಿಸಿದೆ.

ಮೊನ್ನೆ ಹಾಕಿಸಿದೆ.
ತೂಬಿನಕೆರೆಯ ಹತ್ತಿರ ಬೀಸುಕಲ್ಲು ಹದಕ್ಕೆ ಬಂದಾಗ
ಗುಬುಟು ತಿರುಗಿಸಿ, ಉಸಿರು ಹಿಡಿದು, ನೋಡಿದೆ.
ನಲವತ್ತೆರಡು.

ಮಂಟೇಶ ಬಗ್ಗಿ ಓದಿ, ಮತ್ತೊಮ್ಮೆ ಓದಿ,
‘ಅದ್ಕೇಯ ನಾಗಮಂಗ್ಲದ ಏಜೆಂಟು
ದಿನಾ ಬಯ್ಯೋದು’ ಎಂದ.

ಬೆಳಕನ್ನು ಇನ್ನಷ್ಟು ಕುಗ್ಗಿಸಿದೆ.
ಮುಳ್ಳು ನಡುಗುತ್ತಿತ್ತು.
ಮುಂದೆ ರಸ್ತೆ ಚೆನ್ನಾಗಿ ಕಾಣುತ್ತಿತ್ತು.
ನಲವತ್ತೆರಡರಲ್ಲೇ ಹೋದೆ.