ಹದಿನಾಲ್ಕನೇ ಸಾಲು

ತಾರ್ತುವಿನಲ್ಲಿ ಕಡಲಿಲ್ಲ.
ಇರುವುದೊಂದು ಹೊಳೆ, ಅದೂ ಫೆಬ್ರವರಿಗೆ ಕಲ್ಲು.
ಆದರೂ ಉಬ್ಬರವಿಳಿತದ ವೇಳೆ ಹೇಳುವ
ಈ ಪುಟ್ಟ ಪ್ಯಾಕೇಜು ನನ್ನ ಪಾಲಿಗೆ ಬಂದಿದೆ.
ಮೊದಲು ನೋಡಿಕೊಳ್ಳುತ್ತಿದ್ದವನಿಗೆ ಅವಳಿ ಹುಟ್ಟಿದವು.
‘ಎರಡು ವಾರ ಹಿಡಿದಿರು, ವಿಲ್ವೆ’ ಅಂದ.
ಮಕ್ಕಳೀಗ ಶಾಲೆಗೆ ಹೋಗುತ್ತಾರೆ.

ಹಗಲು, ಗ್ರಂಥಾಲಯದ ನೆಲಮಾಳಿಗೆಯಲ್ಲಿ
ಹಳೆ ಪುಸ್ತಕಕ್ಕೆ ರಟ್ಟು ಕಟ್ಟುತ್ತೇನೆ.
ರಾತ್ರಿ, ಬೆರಳ ಗೋಂದು ಇನ್ನೂ ಒಣಗದಿರುವಾಗ,
ಯಾರೋ ಬರೆದ ಕೋಡನ್ನು ಪೊಟ್ಟಣ ಕಟ್ಟುತ್ತೇನೆ.

ಇವತ್ತು ಎರಡು ತಿದ್ದುಪಡಿ ಬಂದು ಕೂತಿವೆ.
ಒಂದು ವಾರ್ಡೋದ ಓಡ್ವಾರನದು, ಹತ್ತು ಗಂಟೆ ನಾಲ್ಕು ನಿಮಿಷಕ್ಕೆ:
ಲೈಬ್ರರಿಯ ಹೊಸ ಆವೃತ್ತಿ ತಾ,
ಹಳೆಯದಕ್ಕೆ ಅಧಿಕ ವರ್ಷದ ಲೆಕ್ಕ ಬರುವುದಿಲ್ಲ,
ಇಪ್ಪತ್ತೊಂಬತ್ತರಂದು ನಮ್ಮ ದೋಣಿ ತಳ ಕಚ್ಚುತ್ತದೆ.
ಇನ್ನೊಂದು ಬೆರ್ಮೆಯೋದ ಇಹಿಂತ್ಸಾಳದು, ಹತ್ತೂ ಕಾಲಿಗೆ:
ಆವೃತ್ತಿ ಮುಟ್ಟಬೇಡ.
ನಮ್ಮ ಬಂದರಿನ ಡಬ್ಬಿಗೆ ಹದಿನೇಳು ವರ್ಷ,
ಹೊಸದು ಅದರ ಗಂಟಲಲ್ಲಿ ಇಳಿಯುವುದಿಲ್ಲ.
ಹರಿದಿರುವುದು ಆರೇ ಸಾಲು. ತೇಪೆ ಇಲ್ಲಿದೆ, ಹಚ್ಚು.

ಇಬ್ಬರೂ ತೋರಿಸುವ ತಪ್ಪು ಒಂದೇ.
ಇಬ್ಬರೂ ಕೈಯಿಟ್ಟದ್ದು ಹದಿನಾಲ್ಕನೇ ಸಾಲಿಗೆ.
ಒಂದನ್ನು ಒಳಗೆ ಕರೆದರೆ ಇನ್ನೊಂದು
ಬಾಗಿಲಲ್ಲೇ ಕೆಂಪಾಗಿ ನಿಲ್ಲುತ್ತದೆ.
ಹನ್ನೊಂದು ನಿಮಿಷ ಮುಂಚೆ ಬಂದವನಿಗೆ ಹಕ್ಕೇ?
ಸೌನಾದ ಹಲಗೆಗೆ ಟವೆಲ್ ಹಾಸಿ ಜಾಗ ಹಿಡಿದ ಹಾಗೆ?
ಒಂದು ಕಣ್ಣಿಗೆ ಬೆಣ್ಣೆ ಹಚ್ಚಿದರೆ ಇನ್ನೊಂದಕ್ಕೆ ಸುಣ್ಣ,
ನನ್ನ ಕಪಾಟಿನಲ್ಲಿ ಬೇರೇನೂ ಇಲ್ಲ.

ಒಮ್ಮೆ ನೆಲಮಾಳಿಗೆಯಲ್ಲಿ ಒಂದೇ ಪುಸ್ತಕದೊಳಗೆ
ನೂರಾ ಮೂರನೇ ಪುಟ ಎರಡು ಸಲ ಸಿಕ್ಕಿತ್ತು.
ಮುದ್ರಕ ತಿದ್ದಿ ಮತ್ತೆ ಅಚ್ಚು ಹಾಕಿದ್ದ,
ತಪ್ಪಿದ್ದನ್ನು ಎಸೆಯಲು ಕೈ ಬಂದಿರಲಿಲ್ಲ.
ಎರಡನ್ನೂ ಸೇರಿಸಿ ಹೊಲಿದೆ. ಪುಸ್ತಕ ಸುಮ್ಮನಿತ್ತು.
ಯಂತ್ರ ಸುಮ್ಮನಿರುವುದಿಲ್ಲ.

ಎರಡನ್ನೂ ಬೇರೆ ಬೇರೆ ಕಟ್ಟಿ ನೋಡಿದೆ.
ಹದಿನೆಂಟು ನಿಮಿಷ, ಎರಡು ಲೋಟ ಚಹಾ.
ಅವನದು ಎಲ್ಲೆಡೆ ಹಸಿರು, ಹಳೆ ಡಬ್ಬಿಯ ಬಗೆಯಲ್ಲಿ ಮಾತ್ರ ಸತ್ತಿತು.
ಅವಳದು ಎಲ್ಲೆಡೆ ಹಸಿರು. ಆದರೆ
ಇಪ್ಪತ್ತೊಂಬತ್ತನೇ ತಾರೀಖನ್ನು ಕೇಳಿ ನೋಡುವ ಪರೀಕ್ಷೆ
ಬರೆದಿದ್ದವನು ಅವನೊಬ್ಬನೇ.

ಉತ್ತರ ಬರೆದೆ. ಅಳಿಸಿದೆ.
‘ಇಬ್ಬರಿಗೂ ಧನ್ಯವಾದ’,
ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂರುವವಳ ದನಿ. ಅದನ್ನೂ ಅಳಿಸಿದೆ.
ಅಷ್ಟರಲ್ಲಿ ಓಡ್ವಾರ್ ತನ್ನದನ್ನು ಮುಚ್ಚಿಬಿಟ್ಟ:
ಅವಳ ಡಬ್ಬಿ ನಮ್ಮದಕ್ಕಿಂತ ಹಳೆಯದು, ಅವಳದನ್ನೇ ತಗೋ.
ಅದೇ ನಿಮಿಷಕ್ಕೆ ಇಹಿಂತ್ಸಾ ತನ್ನದನ್ನು ಮುಚ್ಚಿದಳು:
ಡಬ್ಬಿ ಇವತ್ತಲ್ಲ ನಾಳೆ ಸಾಯುವುದೇ, ಹೊಸದನ್ನೇ ತಾ.

ನೀವು ಮೊದಲು, ಇಲ್ಲ ನೀವು ಮೊದಲು,
ಎನ್ನುತ್ತ ಇಬ್ಬರೂ ಮನೆಗೆ ಹೋದರು.
ಜಗಳ ಮುಗಿಯಿತು. ಹೊಸ್ತಿಲು ಖಾಲಿ.
ತಪ್ಪು ಮಾತ್ರ ಕಾಲು ಚಾಚಿ ಒಳಗೇ ಕೂತಿದೆ.

ನಗು ಬಂತು, ಒಬ್ಬಳೇ ಅಡುಗೆಮನೆಯಲ್ಲಿ.
ಅವಳದನ್ನು ಮತ್ತೆ ತೆರೆದೆ.
ಅವನ ಪರೀಕ್ಷೆಯನ್ನು ಎತ್ತಿ ತಂದು ಅದಕ್ಕೆ ಹೊಲಿದೆ.
ಹೊಸ ಆವೃತ್ತಿ ಶರತ್ಕಾಲಕ್ಕೆ,
ಡಬ್ಬಿ ಬದಲಾದರೆ ತಿಳಿಸು, ಎಂದು ಬರೆದೆ.
ಕೆಳಗೆ ಇಬ್ಬರ ಹೆಸರು ಹಾಕುವಾಗ ಬೆರಳು ನಿಂತಿತು.
ಯಾರದು ಮೊದಲು?
ಹನ್ನೊಂದು ನಿಮಿಷ ಮುಂಚೆ ಬಂದವನದು.
ಅಷ್ಟಾದರೂ ಟವೆಲ್‌ಗೆ ಸಲ್ಲಬೇಕು.

ಇಪ್ಪತ್ತೊಂಬತ್ತರಂದು ಯಾರೂ ಏನೂ ಬರೆಯಲಿಲ್ಲ.
ಸಂಜೆ ಹೊಳೆಯ ತನಕ ನಡೆದೆ.
ಹುಡುಗನೊಬ್ಬ ಹಿಮಗಡ್ಡೆಗೆ ತೂತು ಕೊರೆದು
ಗಾಳದ ದಾರ ಇಳಿಬಿಟ್ಟು ಕೂತಿದ್ದ.
ನೀರು ಏರಿದೆಯಾ, ಕೇಳಿದೆ.
ಯಾವ ನೀರು, ಅಂದ.